ಯಾರ ಪೈಕಿ ಎಂದು ಕೇಳದವಳು

ಹಲ್ಲಿನ ಡಾಕ್ಟರಿಗೆ ತೋರಿಸಿ ಬರುತ್ತೇನೆಂದು ಮನೆಯಲ್ಲಿ ಸುಳ್ಳು ಹೇಳಿ, ಸೇಡಮ್ಮಿನ ಲಲಿತಾಬಾಯಿ ಟೀಚರು ಶಹಾಬಾದಿಗೆ ಹೊರಟಳು. ವಾಡಿಯಲ್ಲಿ ಗಾಡಿ ಬದಲಿಸುವಾಗ ಸೆರಗನ್ನು ಕಿವಿಯ ತನಕ ಎಳೆದುಕೊಂಡಳು. ಚಿತ್ತಾಪುರದ ನೆಂಟರು ಯಾವ ಪ್ಲಾಟ್‌ಫಾರ್ಮಿನಲ್ಲಿ ನಿಂತಿರುತ್ತಾರೋ ಹೇಳಲಾಗದು.

ಮನಸ್ಸಿನ ನೋವು ಕೇಳುವ ಹೆಣ್ಣುಮಗಳೊಬ್ಬಳು ಶಹಾಬಾದಿನ ದವಾಖಾನೆಯಲ್ಲಿ ಕೂರುತ್ತಾಳೆ, ಹೆಸರು ಮಹೆವಿಶ ಎಂದು ಶಾಲೆಗೆ ಬಂದ ಚೀಟಿಯಲ್ಲಿತ್ತು. ಮುಸಲ್ಮಾನರ ಹುಡುಗಿ, ನಮ್ಮ ಬಳಗದಲ್ಲಿ ಬಾಯಿ ಬಿಡಲಾರಳು ಎಂಬುದೊಂದೇ ಧೈರ್ಯ.

ಮೂರು ತಿಂಗಳ ಹಿಂದೆ ಚಿಂಚೋಳಿಯಲ್ಲಿ ಲಲಿತಾಬಾಯಿಯ ಕಾಕಾ, ಅವಳಪ್ಪನ ತಮ್ಮ, ತೀರಿಕೊಂಡಿದ್ದರು. ಬಳಗವೆಲ್ಲ ಅತ್ತಿತು, ಇವಳಿಗೆ ಅಳು ಬರಲಿಲ್ಲ. ಮರುದಿನ ಸ್ನಾನ ಮಾಡಿ, ವಿಭೂತಿ ಧರಿಸಿ, ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ಕಣ್ಣು ಮುಚ್ಚಿದಳು. ಲಿಂಗ ಕೈಯಿಂದ ತಟ್ಟೆಗೆ ಜಾರಿತು. ಅಂದಿನಿಂದ ಪೂಜೆ ನಿಂತಿತು. ಪೂಜೆಯಿಲ್ಲದೆ ತುತ್ತು ಮುಟ್ಟದ ಜೀವ ಈಗ ಕದ್ದು ತಿಂದಂತೆ ಉಣ್ಣುತ್ತಿತ್ತು. ಕಾರಣ ಅವಳಿಗೆ ಗೊತ್ತಿತ್ತು. ನಲವತ್ತೆರಡು ವರ್ಷದಿಂದ ಯಾರಿಗೂ ಹೇಳಿರಲಿಲ್ಲ.

"ಬರ್ರಿ ಅಮ್ಮಾರೆ. ಎಲ್ಲಿ ಚಲೋ ಅನಸ್ತದ ಅಲ್ಲಿ ಕುಂದ್ರಿ," ಎಂದಳು ಮಹೆವಿಶ. "ಬಾಗಲಾ ತೆರದಿಡ್ಲೇನು, ಮುಚ್ಚಲೇನು?"

"ತೆರದೇ ಇರಲಿ."

"ಬೇಕಾದಷ್ಟೇ ಹೇಳ್ರಿ. ಬ್ಯಾಡಂದ್ರ ಸುಮ್ಮ ಕುಂತು ಹೋಗ್ರಿ. ಇಲ್ಲಿ ಆಡಿದ ಮಾತು ಹೊರಗ ಹೋಗಂಗಿಲ್ಲ."

ಈ ಸವಿಮಾತು ಲಲಿತಾಬಾಯಿಗೆ ಹಿಡಿಸಲಿಲ್ಲ. ಕಾಕಾ ಕೂಡ ಹೀಗೇ ಮೆತ್ತಗೆ ಮಾತಾಡುತ್ತಿದ್ದರು. ಅದಕ್ಕಿಂತ ಹೆಚ್ಚಾಗಿ, ಈ ಹುಡುಗಿ 'ಯಾವೂರು, ಯಾರ ಪೈಕಿ' ಎಂದು ಕೇಳಲೇ ಇಲ್ಲ. ಈ ಸೀಮೆಯಲ್ಲಿ ಕುಡಿಯಲು ನೀರು ಕೊಡುವವರೂ ಮೊದಲು ಅದನ್ನೇ ಕೇಳುತ್ತಾರೆ. ಕೇಳಲಿಲ್ಲವೆಂದರೆ ಇವಳಿಗೆ ಮೊದಲೇ ಗೊತ್ತಿರಬೇಕು. ಯಾರೋ ಹೇಳಿ ಕಳಿಸಿದ್ದಾರೆ.

ಪರೀಕ್ಷೆ ಮಾಡೋಣವೆಂದು ಲಲಿತಾಬಾಯಿ ಒಂದು ಕಥೆ ಕಟ್ಟಿದಳು. "ನನಗ ಇನ್ನೊಂದು ಮದವಿ ಮಾಡ್ಕೊಳ್ಳೋ ಮನಸಾಗ್ಯದ. ವಾಡಿಯಾಗ ಒಬ್ಬ ರೈಲ್ವೆ ಗಾರ್ಡ್ ಇದ್ದಾನ."

ಮಹೆವಿಶ ನಗಲಿಲ್ಲ. "ಮನ್ಯಾಗ ಹೇಳೀರೇನ್ರಿ?" ಎಂದಷ್ಟೇ ಕೇಳಿದಳು.

"ಇಲ್ಲ," ಎಂದು ಲಲಿತಾಬಾಯಿ ಎದ್ದುಬಿಟ್ಟಳು. ಐವತ್ತೆರಡು ವರ್ಷದ ವಿಧವೆ ಟೀಚರಿಗೆ ಮದುವೆಯಂತೆ ಎಂಬ ಸುದ್ದಿ, ಹೊರಬಿದ್ದರೆ, ಅವಳ ಗಾಡಿಗಿಂತ ಮೊದಲೇ ಸೇಡಂ ಮುಟ್ಟುತ್ತದೆ.

ವಾರವೆಲ್ಲ ಕಿವಿಗೊಟ್ಟು ಕಾದಳು. ಕೊನೆಗೆ, ಓಣಿಯ ಸುದ್ದಿಯೆಲ್ಲ ಬಲ್ಲ ನೆರೆಮನೆಯ ಯಂಕಮ್ಮನನ್ನು ತಾನೇ ಕೆದಕಿದಳು. "ಏನರೆ ಸುದ್ದಿ ಅದ ಏನವಾ?"

"ಸುದ್ದಿಗೇನು ಕಮ್ಮಿ ಅಕ್ಕೋರೆ? ಮಶಾಕನ ಸೊಸಿ ಸಿಟ್ಟಾಗಿ ತವರಿಗೆ ಹೋಗ್ಯಾಳ."

"ನಂದೇನರೆ?"

"ನಿಮ್ಮದೇನಿರ್ತದ? ಶಾಲಿ, ಪೂಜಿ, ಊಟ. ನಿಮ್ಮ ಸುದ್ದಿ ಆಡಾಕ ಕುಂತ್ರ ನಮಗ ನಿದ್ದಿ ಬರ್ತದ."

ಇನ್ನೂ ಒಂದು ವಾರ ಬಿಟ್ಟು ಲಲಿತಾಬಾಯಿ ಮತ್ತೆ ಶಹಾಬಾದಿಗೆ ಹೋದಳು. ಕೂತವಳೇ ಹೇಳಿದಳು: "ಅವತ್ತಿಂದು ಸುಳ್ಳು. ಗಾರ್ಡೂ ಇಲ್ಲ, ಮದವಿನೂ ಇಲ್ಲ."

"ಇರಲಿ ಬಿಡ್ರಿ. ನನ್ನ ಪರೀಕ್ಷಾ ಮಾಡಿದ್ರಿ. ಭಾಳ ಮಂದಿ ಮಾಡ್ತಾರ. ಗಾರ್ಡ್ ಕರಕೊಂಡು ಬಂದವರು ಮಾತ್ರ ನೀವೇ ಮೊದಲು."

ಲಲಿತಾಬಾಯಿ ನಗಲಿಲ್ಲ. "ಯಾರ ಪೈಕಿ ಅಂತ ಯಾಕ ಕೇಳಲಿಲ್ಲ ನೀವು?"

"ಕೇಳಿದ್ರ ಹೇಳಲೇಬೇಕಾಗ್ತಿತ್ತು ನಿಮಗ. ಇಂಥವರ ಪೈಕಿ ಅಂತ ಹೆಮ್ಮಿಲೆ ಹೇಳಿದ ಬಾಯಿಲೆ, ಆಮ್ಯಾಲ ಅವರ ತಪ್ಪು ಹೇಳಲಿಕ್ಕೆ ಬರ್ತದೇನ್ರಿ?"

ಲಲಿತಾಬಾಯಿಗೆ ಪೂರ್ತಿ ನಂಬಿಕೆ ಬರಲಿಲ್ಲ. ಆದರೂ ಹೆಸರು ಬಿಟ್ಟು ಉಳಿದದ್ದನ್ನು ಹೇಳಿದಳು.

"ನಾ ಹತ್ತು ವರ್ಷದಾಕಿ. ಶಾಲಿಗಂತ ಹಿರಿಯರೊಬ್ಬರ ಮನ್ಯಾಗ ಇಟ್ಟಿದ್ರು. ಅವರು ನನಗ ಪೂಜಿ ಕಲಿಸ್ತಿದ್ರು, ಬಾಗಲಾ ಹಾಕಿ. 'ಕೈ ಚಾಚು, ಕಣ್ಣು ಮುಚ್ಚು, ಶಿವ ಬರ್ತಾನ' ಅಂತಿದ್ರು. ಬರ್ತಿದ್ದವರು ಅವರು."

ಮಹೆವಿಶ ಅಯ್ಯೋ ಎನ್ನಲಿಲ್ಲ. ಆಗಲೇ ಯಾಕೆ ಹೇಳಲಿಲ್ಲ ಎಂದೂ ಕೇಳಲಿಲ್ಲ. "ನಿಮ್ಮ ಮಾತು ನಂಬ್ತೀನ್ರಿ," ಎಂದಳು.

"ಈಗ ಕಣ್ಣು ಮುಚ್ಚಿದ್ರ ಅವರೇ ಬರ್ತಾರ. ಪೂಜಿ ಹೋತು ನಂದು."

"ನಿಮ್ಮ ಪೂಜಿ ನನಗ ಗೊತ್ತಿಲ್ಲ. ತಪ್ಪು ಕೇಳಿದ್ರ ಮಾಫ್ ಮಾಡ್ರಿ. ಅದು ಕಣ್ಣು ಮುಚ್ಚೇ ಮಾಡಬೇಕೇನ್ರಿ?"

ಹೌದು ಎನ್ನಲು ಹೋದ ಲಲಿತಾಬಾಯಿ ತಡೆದುಕೊಂಡಳು. ಮುಂಜಾನೆ ಪಡಸಾಲೆಯಲ್ಲಿ ಕೂತ ಅವಳ ಅಜ್ಜಿ ಕಣ್ಣೆದುರು ಬಂದಳು. ಅಂಗೈಯ ಲಿಂಗವನ್ನು ಎವೆಯಿಕ್ಕದೆ ನೋಡುತ್ತಿದ್ದಳು ಆ ಮುದುಕಿ. ನೋಡಲಿಕ್ಕೆಂದೇ ದೀಕ್ಷೆಯಲ್ಲಿ ಅದನ್ನು ಅಂಗೈಗೆ ಕೊಡುವುದು. ಇದನ್ನು ಎಷ್ಟು ಸಲ ಕೇಳಿದ್ದರೂ, ಕಣ್ಣು ಮುಚ್ಚುವುದೇ ಹೆಚ್ಚಿನ ಭಕ್ತಿಯೆಂದು ನಲವತ್ತೆರಡು ವರ್ಷ ಮುಚ್ಚಿಕೊಂಡೇ ಕೂತಿದ್ದಳು.

"ಇಲ್ಲ," ಎಂದಳು. "ನೋಡಿ ಮಾಡೋ ಪೂಜಿ ಅದು. ಕಣ್ಣು ಮುಚ್ಚು ಅಂದಾಂವ ಅಂವ. ಶಿವ ಅಲ್ಲ."

ಮರುಕ್ಷಣವೇ ಮತ್ತೆ ಅನುಮಾನ ಬಂತು. "ಇದು ನಿಮಗ ಮೊದಲೇ ಗೊತ್ತಿತ್ತೇನು?"

"ಇಲ್ರಿ. ಖುದಾನ ಆಣಿ, ಗೊತ್ತಿದ್ದಿಲ್ಲ."

ಲಲಿತಾಬಾಯಿ ಆ ಮುಖವನ್ನು ದಿಟ್ಟಿಸಿ ನೋಡಿದಳು. ಶಾಲೆಯಲ್ಲಿ ಮೂವತ್ತು ವರ್ಷ ಮಕ್ಕಳ ಸುಳ್ಳು ಹಿಡಿದವಳಿಗೆ ಅಲ್ಲಿ ಹಿಡಿಯುವಂಥದ್ದೇನೂ ಸಿಗಲಿಲ್ಲ.

"ಹಂಗಾರ ಬರಕೊಳ್ರಿ," ಎಂದಳು. "ಚಿಂಚೋಳಿ ಗುರುಲಿಂಗಯ್ಯ. ನನಗ ಕಾಕಾ ಆಗಬೇಕು ಅಂವ."