ಬೂದು ಚೌಕ

ಕಾವಲಿಗೆ ನೀರುದೋಸೆ ಹೊಯ್ದು ಮುಚ್ಚಳ ಹಾಕುವಷ್ಟರಲ್ಲಿ ಫೋನು ಹೊಡೆದುಕೊಂಡಿತು. ಹೋಟೆಲಿನ ಧಣಿ ಸುಬ್ರಾಯರು. ಇಷ್ಟು ಬೆಳಗ್ಗೆ ಅವರು ಕರೆಯುವವರಲ್ಲ. ನಮಿತಾ ಒದ್ದೆ ಕೈಯನ್ನು ಟವೆಲಿಗೆ ಒರೆಸಿ ಫೋನೆತ್ತಿದಳು.

“ಎಂತ ಮಾರಾಯ್ತಿ ಇದು? ಆ ಕಂಪ್ಯೂಟರ್ ಹುಡುಗ ಸಾಯಿ ಹೊಸ ವರ್ಷನ್ ಹಾಕ್ತಾ ಇದ್ದಾನಲ್ಲ, ನಮ್ಮ ಕೆಲವರನ್ನು ಅದು ಒಳಗೇ ಬಿಡುದಿಲ್ಲಂತೆ.”

“ಯಾರನ್ನು?”

“ಊರಿಗೆ ಹೋದವರನ್ನು. ನೀನೊಮ್ಮೆ ಬೇಗ ಬಾ. ಅವನ ತಮಿಳು ನನಗೆ ಅರ್ಥ ಆಗ್ತದೆ. ಹೇಳುದು ಎಂತ ಅಂತ ಅರ್ಥ ಆಗುದಿಲ್ಲ.”

“ಅಮ್ಮಾ, ದೋಸೈ ಕರುಗುದು,” ಎಂದಳು ಬಾಗಿಲಲ್ಲಿ ನಿಂತಿದ್ದ ಪ್ರಣಮ್ಯಾ. ಮುಚ್ಚಳ ತೆಗೆದರೆ ಅಂಚೆಲ್ಲ ಕಪ್ಪಗೆ ಸುರುಟಿಕೊಂಡಿತ್ತು.

ತಮಿಳು ಊರಲ್ಲಿ ಬೆಳೆಯುತ್ತಿದ್ದ ಮಗಳಿಗೆ ಕನ್ನಡ ಪೂರ್ತಿ ತಿಳಿಯುತ್ತಿತ್ತು. ಉತ್ತರ ಮಾತ್ರ ತಮಿಳಿನಲ್ಲಿ ಬರುತ್ತಿತ್ತು. ಶಾಲೆಗೆ ಬೇಸಿಗೆ ರಜೆ, ಮನೆಯಲ್ಲಿ ನೋಡಿಕೊಳ್ಳುವವರಿಲ್ಲ. ಇಬ್ಬರೂ ಪಲ್ಲಾವರಂನಲ್ಲಿ ಟ್ರೇನು ಹತ್ತಿದರು. ಕಿಟಕಿಯ ಪಕ್ಕ ಕುಳಿತ ಪ್ರಣಮ್ಯಾ ಒಮ್ಮೆ ತಾಯಿಯ ಕಡೆ ತಿರುಗಿ ಬಾಯಿ ತೆರೆದಳು. ಆಮೇಲೆ, “ತಣ್ಣಿ ವೇಣುಂ,” ಎಂದಳು. ನಮಿತಾ ನೀರಿನ ಬಾಟಲಿ ಕೊಟ್ಟಳು. ಹುಡುಗಿ ಒಂದು ಗುಟುಕು ಕುಡಿದು ಹಿಂದೆ ಕೊಟ್ಟಳು. ಈಚೆಗೆ ಹೀಗೆಯೇ. ಬಾಯಿಗೆ ಬಂದದ್ದನ್ನು ನುಂಗಿ ನೀರು ಕೇಳುತ್ತಿದ್ದಳು. ಅವಳಿಗೆ ಬಾಯಾರಿಲ್ಲವೆಂದು ನಮಿತಾಳಿಗೆ ಗೊತ್ತಿತ್ತು. ಗೊತ್ತಿದ್ದೂ ನೀರು ಕೊಡುತ್ತಿದ್ದಳು.

ಹೋಟೆಲಿನ ಆಫೀಸು ನುಂಗಂಬಾಕ್ಕಂ ಬ್ರಾಂಚಿನ ಮಾಳಿಗೆಯಲ್ಲಿ. ಕರಾವಳಿಯಿಂದ ಬಂದ ಕೆಲಸದವರ ಹೆಸರು, ಊರು, ಅವರು ಉಳಿಯುವ ಮೆಸ್ಸಿನಲ್ಲಿ ಯಾರಿಗೆ ಯಾವ ಮಂಚ, ಎಲ್ಲವೂ ಒಂದು ಹಳೆಯ ಡೇಟಾಬೇಸಿನಲ್ಲಿತ್ತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಮಿತಾಳೇ ಅದನ್ನು ಮಾಡಿದ್ದು. ‘ಕೆಲಸದಲ್ಲಿದ್ದಾರೆ’ ಎಂಬುದರ ಎದುರು ಒಂದು ಪುಟ್ಟ ಚೌಕ. ಟಿಕ್ ಇದ್ದರೆ ಇದ್ದಾರೆ, ಇಲ್ಲದಿದ್ದರೆ ಬಿಟ್ಟಿದ್ದಾರೆ. ಆದರೆ ಅವಳು ಎಲ್ಲೋ ಏನೋ ಒತ್ತಿದ್ದರಿಂದ, ಇನ್ನೊಮ್ಮೆ ಕ್ಲಿಕ್ ಮಾಡಿದರೆ ಚೌಕ ಬೂದು ಬಣ್ಣಕ್ಕೆ ತಿರುಗುತ್ತಿತ್ತು. ತಪ್ಪನ್ನು ಸರಿಮಾಡಲು ಹೊರಟವಳನ್ನು ಸುಬ್ರಾಯರೇ ತಡೆದಿದ್ದರು. “ಇರಲಿ, ತೆಗಿಬೇಡ. ಊರಿಗೆ ಹೋದವರಿಗೆ ಆಯ್ತು ಅದು.”

ಆ ಹೋಟೆಲಿನಲ್ಲಿ ‘ಕೆಲಸ ಬಿಟ್ಟ’ ಎನ್ನುವ ಮಾತು ಸುಲಭಕ್ಕೆ ಯಾರ ಬಾಯಿಂದಲೂ ಬರುತ್ತಿರಲಿಲ್ಲ. ತಂಗಿಯ ಮದುವೆಗೆಂದು ಹೋದವನು ಎರಡು ಮಳೆಗಾಲ ಕಳೆದು ಬಂದು ಅದೇ ಮಂಚದ ಮೇಲೆ ಮಲಗಿದ್ದುಂಟು. ಚೌಕ ಬೂದು ಇರುವವರೆಗೆ ಮಂಚದಡಿಯ ಟ್ರಂಕನ್ನು ಯಾರೂ ಮುಟ್ಟುತ್ತಿರಲಿಲ್ಲ.

ಪಲ್ಲಾವರಂ ಬ್ರಾಂಚಿನ ಮ್ಯಾನೇಜರಾಗಿದ್ದ, ನಮಿತಾಳ ಗಂಡ ರೂಪೇಶನ ಚೌಕವೂ ಈಗ ಬೂದು. ಕಳೆದ ದಸರಾ ಮುಗಿದದ್ದೇ, ಅಮ್ಮನಿಗೆ ಮಂಡಿನೋವು, ನಾಲ್ಕು ದಿನ ಇದ್ದು ಬರ್ತೇನೆ ಎಂದು ಹೋದವನು. ಮಂಡಿ ಗುಣವಾಯಿತು. ಆಮೇಲೆ ಬಾವಿಯ ಕೆಲಸ ಬಂತು, ಆಮೇಲೆ ಇನ್ನೇನೋ. ಜಗಳವಾಗಿರಲಿಲ್ಲ. ಅದೇ ನಮಿತಾಳಿಗೆ ತಲೆಬುಡ ತಿಳಿಯದ್ದು. ಜಗಳವಾಗಿದ್ದರೆ ಅದರ ಒಂದು ತುದಿಯನ್ನಾದರೂ ಹಿಡಿದುಕೊಂಡು ಕೂರಬಹುದಿತ್ತು. ಭಾನುವಾರ ಫೋನು ಮಾಡುತ್ತಿದ್ದ. ಯಾವಾಗ ಬರ್ತೀರಿ ಎಂದರೆ, “ನೋಡುವ,” ಎನ್ನುತ್ತಿದ್ದ. ಅವರ ಕಡೆ ‘ನೋಡುವ’ ಎಂದರೆ ಆಯ್ತು ಎಂದೂ ಆಗುತ್ತದೆ, ಆಗದು ಎಂದೂ ಆಗುತ್ತದೆ, ಇನ್ನು ಮಾತು ಸಾಕು ಎಂದೂ ಆಗುತ್ತದೆ. ಆ ಮಾತು ಕೇಳಿಯೇ ಬೆಳೆದವಳು ಅವಳು. ಈಗ ಯಾವುದೆಂದು ತಿಳಿಯುತ್ತಿರಲಿಲ್ಲ.

“ಮೇಡಂ, ಪುದು ವರ್ಷನ್‌ಲ ಗ್ರೇ ಕಿಡೆಯಾದು,” ಎಂದ ಸಾಯಿ, ಪರದೆ ತೋರಿಸುತ್ತ. “ಯೆಸ್, ಇಲ್ಲೆನ್ನಾ ನೋ.” ಬೂದು ಇಲ್ಲ; ಹೌದು ಅಥವಾ ಇಲ್ಲ, ಎರಡೇ.

ಖಾಲಿ ಬಿಟ್ಟರೆ ಏನಾಗುತ್ತದೆ ಎಂದು ನಮಿತಾ ಕೇಳಿದಳು. ಬಿಟ್ಟರೆ ತಾನಾಗಿಯೇ ‘ನೋ’ ಆಗುತ್ತದೆ, ಆ ಹೆಸರು ಹೊಸ ಪಟ್ಟಿಗೆ ಬರುವುದಿಲ್ಲ ಎಂದ. ಮೂರನೆಯದೊಂದನ್ನು ಸೇರಿಸಬಹುದಲ್ಲ ಎಂದಳು. ಸಾಯಿ ತಲೆ ಕೆರೆದುಕೊಂಡ. “ಎಲ್ಲಾ ರಿಪೋರ್ಟುಂ ಉಡೈಂಜಿಡುಂ ಮೇಡಂ.” ಹಾಗೆ ಮಾಡಿದರೆ ರಿಪೋರ್ಟುಗಳೆಲ್ಲ ಕೆಟ್ಟುಹೋಗುತ್ತವಂತೆ.

“ಬಿಟ್ಟು ಹೋದವರು ಬೇರೆ, ಊರಿಗೆ ಹೋದವರು ಬೇರೆ ಮಾರಾಯ,” ಎಂದರು ಸುಬ್ರಾಯರು. “ಇಷ್ಟು ಗೊತ್ತಾಗದಿದ್ದರೆ ಅದೆಂತ ಹೊಸದು?”

ಸಾಯಿಗೆ ಕನ್ನಡ ತಿಳಿಯಲಿಲ್ಲ. ತಿರುಗುವ ಕುರ್ಚಿಯಲ್ಲಿ ಕುಳಿತು ಕಾಲಾಡಿಸುತ್ತಿದ್ದ ಪ್ರಣಮ್ಯಾ ಕಾಲು ನಿಲ್ಲಿಸಿದಳು.

ಬೇರೆ ದಾರಿ ಇರಲಿಲ್ಲ. ಸುಬ್ರಾಯರು ಒಬ್ಬೊಬ್ಬರಿಗೇ ಫೋನು ಹಚ್ಚತೊಡಗಿದರು. “ನಾಗರಾಜ, ನೀನು ಅಡಿಗೆಗೆ ಬರುದುಂಟಾ ಇಲ್ವಾ? ನನಗಲ್ಲ, ಕಂಪ್ಯೂಟರಿಗೆ ಬೇಕಂತೆ.”

“ಮಳೆಗಾಲದ ಮೊದಲಿನ ಪತ್ತನಾಜೆ ಹಬ್ಬದವರೆಗೆ ಇಲ್ಲಿ ಭೂತಕೋಲ ಉಂಟು ಧಣಿ. ಮುಗಿದ ಮರುದಿನ ರೈಲು ಹತ್ತುದೇ. ಕಂಪ್ಯೂಟರಿಗೆ ಬೇಜಾರಿದ್ದರೆ ಕೊಡಿ, ನಾನೇ ಮಾತಾಡ್ತೇನೆ.”

ನಮಿತಾ ನಗುತ್ತ ಟಿಕ್ ಹಾಕಿದಳು. ಇನ್ನೊಬ್ಬ ಮುಂಬಯಿಯಲ್ಲಿ ಸ್ವಂತ ಟೀ ಅಂಗಡಿ ಇಟ್ಟಿದ್ದ. ಇನ್ನು ಬರುದಿಲ್ಲ ಧಣಿ ಎಂದ. ಸುಬ್ರಾಯರು ಫೋನು ಇಟ್ಟರು. “ಅವನ ಟ್ರಂಕು ಕಳಿಸಿಬಿಡುವ,” ಎಂದರು.

ಮುಂದಿನ ಹೆಸರು ಪರದೆಗೆ ಬಂದಾಗ ಅವರು ಎದ್ದರು. “ಇದು ನೀನೇ ನೋಡು ಮಗಾ. ಕೆಳಗೆ ಸಾಂಬಾರು ಎಂತಾಯ್ತು ಅಂತ ನೋಡಿ ಬರ್ತೇನೆ.” ಸಾಯಿಯ ಭುಜ ತಟ್ಟಿ, ಅವನನ್ನೂ ಕಾಫಿಗೆ ಕರೆದುಕೊಂಡು ಹೋದರು.

ಪ್ರಣಮ್ಯಾ ಕುರ್ಚಿಯನ್ನು ಹತ್ತಿರ ಸರಿಸಿ, ಪರದೆಯ ಮೇಲಿನ ಅಪ್ಪನ ಹೆಸರನ್ನು ಇಂಗ್ಲಿಷಿನಲ್ಲಿ ಒಂದೊಂದೇ ಅಕ್ಷರ ಓದಿದಳು. ನಮಿತಾ ಟಿಕ್ ಹಾಕಿದಳು. ಹಾಕಿದ್ದನ್ನು ನೋಡಿದಳು. ತೆಗೆದಳು. ಹಾಕಿದರೆ ಸುಳ್ಳು ಹೇಳಿದ ಹಾಗೆ, ತೆಗೆದರೆ ತಾನೇ ಕೈಹಿಡಿದು ಬಾಗಿಲಾಚೆ ಬಿಟ್ಟ ಹಾಗೆ. ಮತ್ತೆ ಹಾಕಿದಳು. ಮಗಳು ಪರದೆಯನ್ನು ಬಿಟ್ಟು ತಾಯಿಯ ಮುಖ ನೋಡುತ್ತಿದ್ದಳು. ನಮಿತಾ ರೂಪೇಶನಿಗೆ ಫೋನು ಹಚ್ಚಿ, ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟಳು. ಕೈಯಲ್ಲಿ ಹಿಡಿದುಕೊಳ್ಳಲು ಮನಸ್ಸಾಗಲಿಲ್ಲ.

“ಇಲ್ಲಿ ಹೊಸ ವರ್ಷನ್ ಹಾಕ್ತಾ ಇದ್ದಾರೆ,” ಎಂದಳು. “ನಿಮ್ಮ ಹೆಸರಿಗೆ ಎಂತ ಹಾಕುದು?”

“ಎಂತ ಅಂದ್ರೆ?”

“ಇದ್ದೀರಾ, ಇಲ್ವಾ ಅಂತ.”

“ಅದು… ಮನೆಯ ಮಾಡಿನ ಹಂಚು ಇಳಿಸಿ ಇಟ್ಟಿದ್ದೇವೆ ನಮಿತಾ. ಮಳೆ ಹಿಡಿಯುವ ಮೊದಲು ಮುಗಿಸ್ಬೇಕು. ಜನ ಸಿಗುದಿಲ್ಲ.”

“ಹೌದಾ ಅಲ್ವಾ, ಅಷ್ಟೇ. ಖಾಲಿ ಬಿಡ್ಲಿಕ್ಕೆ ಆಗುದಿಲ್ಲಂತೆ.”

ಆ ಕಡೆ ಯಾರೋ ಹಂಚಿನ ಮೇಲೆ ಹಂಚು ಜೋಡಿಸುತ್ತಿದ್ದರು. “ನೋಡುವ,” ಎಂದ ರೂಪೇಶ. ಆಮೇಲೆ, “ಪಮ್ಮಿ ಇದ್ದಾಳಾ? ಕೊಡು ಒಮ್ಮೆ.”

“ಇರುಕ್ಕೇನ್ ಪ್ಪಾ,” ಎಂದಳು ಪ್ರಣಮ್ಯಾ.

“ತಿಂಡಿ ಆಯ್ತಾ ಪುಟ್ಟ?”

“ಆಚ್ಚು ಪ್ಪಾ.”

“ಶಾಲೆ ಯಾವಾಗ ಸುರು?”

“ಜೂನ್ ಪ್ಪಾ.”

ಪ್ರತಿ ಸಲವೂ ಮಾತು ಇಲ್ಲಿಗೇ ಮುಗಿಯುತ್ತಿತ್ತು. ನಮಿತಾ ಫೋನು ಆರಿಸಲು ಕೈಚಾಚಿದಳು. ಅಷ್ಟರಲ್ಲಿ ಹುಡುಗಿ ಕುರ್ಚಿಯಿಂದ ಇಳಿದು, ಫೋನನ್ನು ಎರಡೂ ಕೈಯಲ್ಲಿ ಎತ್ತಿಕೊಂಡಿದ್ದಳು. ಬಾಯಿ ತೆರೆದಳು, ಮುಚ್ಚಿದಳು. ಆಮೇಲೆ ಕನ್ನಡದ ಒಂದೊಂದೇ ಮಾತನ್ನು ಹುಡುಕಿ ಹೊರಗೆ ಇಡುವವಳಂತೆ ನಿಧಾನವಾಗಿ ಕೇಳಿದಳು.

“ಅಪ್ಪಾ, ನೀವು ಊರಿಗೆ ಹೋದದ್ದಾ, ಬಿಟ್ಟು ಹೋದದ್ದಾ?”