ಕೂಸಿಗೆ ಬಿಟ್ಟ ಖಾನೆ

“ನಮ್ಮಕ್ಕ ಮನ್ಯಾಗ ಇಲ್ಲಂತ ಯಾವ ಮಗಾ ಬರದಾನ? ಇಲ್ಲೇ ನಿಂತಾಳ, ನಿನ್ನ ಕಣ್ಣಿಗಿ ಕಾಣೂದಿಲ್ಲೇನು?”

ಗುರಲಿಂಗಪ್ಪ ಮೇಜು ಗುದ್ದಿದ ರಭಸಕ್ಕೆ ಕಾರಕೂನ ಅಪ್ಪಾಸಾಬನ ಚಹಾ ಚೆಲ್ಲಿತು. ಅವನ ಅಕ್ಕ ರೇವವ್ವ ಕಚೇರಿಯ ಬಾಗಿಲಲ್ಲಿ ಸೆರಗು ಹೊದ್ದು ನಿಂತಿದ್ದಳು. ಆಲಮಟ್ಟಿಯಲ್ಲಿ ಅಣೆಕಟ್ಟು ಎದ್ದರೆ ಹೊಳೆದಂಡೆಯ ಅವರ ಊರು ಮುಳುಗುತ್ತದೆ. ಗಂಡ ಸತ್ತು ತವರಿಗೆ ಬಂದವಳಿಗೂ ಹೊಸ ಊರಲ್ಲಿ ಬೇರೆ ಜಾಗ ಉಂಟೆಂದು ಡಂಗುರ ಸಾರಿದ್ದರು. ಅಂದಿನಿಂದ ಅವಳು ತನ್ನ ಒಲೆ ಯಾವ ಮೂಲೆಗೆ ಹೂಡಬೇಕೆಂದು ಎಲ್ಲರನ್ನೂ ಕೇಳುತ್ತಿದ್ದಳು. ಈಗ ಬಾಗೇವಾಡಿ ಕಚೇರಿಗೆ ಬಂದ, ಜಾಗ ಸಿಗುವವರ ಪಟ್ಟಿಯಲ್ಲಿ ಅವಳೇ ಇಲ್ಲ.

ಪಟ್ಟಿ ಮಾಡಿದ್ದು ಬೆಂಗಳೂರಿನ ಕಂಪ್ಯೂಟರು ಎಂದ ಅಪ್ಪಾಸಾಬ. ಮನೆಗೊಂದು ಸಾಲು, ಆಳಿಗೊಂದು ಖಾನೆ. ಒಂದು ಮನೆಯಲ್ಲಿ ಮೂವರು, ಇನ್ನೊಂದರಲ್ಲಿ ಹನ್ನೊಂದು ಜನ. ಎಷ್ಟು ಖಾನೆ ಎಣಿಸಬೇಕೆಂದು ಯಂತ್ರಕ್ಕೇನು ಗೊತ್ತು? ಖಾಲಿ ಖಾನೆ ಸಿಗುವ ತನಕ ಎಣಿಸು, ಸಿಕ್ಕಿತೆಂದರೆ ಆ ಮನೆ ಮುಗಿಯಿತು ಅನ್ನು ಎಂದು ಅಲ್ಲಿಯವರು ಅದಕ್ಕೆ ಕಲಿಸಿದ್ದರಂತೆ. ಗುರಲಿಂಗಪ್ಪನ ಸಾಲಿನಲ್ಲಿ ರೇವವ್ವನ ಹೆಸರಿಗೂ ಮೊದಲೇ ಒಂದು ಖಾನೆ ಖಾಲಿ ಇತ್ತು.

“ಮತ್ತ ನಡುವ ಖಾಲಿ ಯಾಕ ಬಿಟ್ಟಿ?”

“ನೀವ ಬಿಡಿಸಿದ್ರಲ್ರಿ, ಕಾಕಾ.”

ಗುರಲಿಂಗಪ್ಪನ ಕೈ ಮೇಜಿನ ಮೇಲೆಯೇ ಉಳಿಯಿತು. ಅಪ್ಪಾಸಾಬ ಊರಿಗೆ ಬಂದು ಮನೆಮಂದಿಯ ಹೆಸರು ಬರೆದುಕೊಂಡ ದಿನ ಕಟ್ಟೆಯ ಮೇಲೆ ಕೂತು ಬರೆಸಿದವನು ಅವನೇ. ಮೊದಲು ಗಂಡಸರು, ಆಮೇಲೆ ಹೆಂಡತಿ, ಸೊಸೆ. ಸೊಸೆಗೆ ದಿನ ತುಂಬಿದ್ದವು. ಬರುವ ಕೂಸಿಗೆ ಮೊದಲೇ ಜಾಗ ಹಿಡಿಯುವುದು ಅವರ ಮನೆಯ ರೂಢಿ. ಮೊಮ್ಮಗನಿಗೊಂದು ಖಾನೆ ಬಿಡು ಎಂದು ಮೀಸೆ ತಿರುವಿದ್ದ. ಎಲ್ಲರೂ ಮುಗಿದ ಮೇಲೆ ಅಕ್ಕನ ನೆನಪಾಗಿತ್ತು.

ಹೊರಬಂದ ಕೂಸು ಅಳಲೇ ಇಲ್ಲ. ಅದನ್ನು ಬಟ್ಟೆಯಲ್ಲಿ ಸುತ್ತಿ ಎತ್ತಿಕೊಟ್ಟವಳು ರೇವವ್ವ.

“ತಿದ್ದಿಬಿಡಪಾ,” ಎಂದ. ದನಿ ಇಳಿದಿತ್ತು.

ಅಪ್ಪಾಸಾಬ ತಿದ್ದಿರೆಂದು ಬೆಂಗಳೂರಿಗೆ ಎರಡು ಸಲ ಬರೆದಿದ್ದ. ಎರಡು ಸಲವೂ ಅದೇ ಪಟ್ಟಿ ತಿರುಗಿ ಬಂದಿತ್ತು. ಆ ಯಂತ್ರವನ್ನು ಇಲ್ಲಿ ಕಂಡವರೇ ಇಲ್ಲ, ಸಾಹೇಬರೂ ಸಹಿ ಹಾಕಿಬಿಟ್ಟಿದ್ದಾರೆ, ನಾನೇನು ಮಾಡಲಿ ಎಂದು ಚೆಲ್ಲಿದ ಚಹಾ ಒರೆಸತೊಡಗಿದ. ಯಂತ್ರ ಎದುರಿಗಿದ್ದಿದ್ದರೆ ಗುರಲಿಂಗಪ್ಪ ಒದೆಯುತ್ತಿದ್ದ. ಎದುರಿಗೆ ಒದ್ದೆ ಮೇಜು ಮಾತ್ರ ಇತ್ತು.

ಆಗ ರೇವವ್ವ ಬಾಯಿ ತೆರೆದಳು. “ಹುಟ್ಟಲಾರದ ಕೂಸಿನ ಹಿಂದ ನನ್ನ ನಿಂದ್ರಿಸಿದ್ದೇನೋ, ತಮ್ಮಾ?”

ಅವಳು ಚಪ್ಪಲಿ ಮೆಟ್ಟಿ ಹೊರಟಳು. ನಿಲ್ದಾಣದಲ್ಲಿ ಕಾಯುತ್ತಾಳೆಂದು ಅವನು ಇನ್ನಷ್ಟು ಹೊತ್ತು ಅಪ್ಪಾಸಾಬನನ್ನು ಬೇಡಿಕೊಂಡ. ಹೋಗಿ ನೋಡಿದರೆ ಅಲ್ಲಿ ಇರಲಿಲ್ಲ. ಸಿಂದಗಿ ಬಸ್ಸು ಹತ್ತಿದಳೆಂದು ಹೂ ಮಾರುವವಳು ಹೇಳಿದಳು. ಸಿಂದಗಿಯಲ್ಲಿ ಅವರಿಗೆ ಯಾರೂ ಇರಲಿಲ್ಲ.

ಮುಂದೆ ಊರು ಬಿಡಲು ಮನೆಯ ಕಂಬ, ಜಂತೆ ಕಿತ್ತು ಗಾಡಿಗೆ ಹೇರಿದ ದಿನವೂ ರೇವವ್ವ ಬರಲಿಲ್ಲ.