ಬುರಾನ್ ಓಡಬಾರದು

ಮೀನುಕಟ್ಟೆಗೆ ಮೀನು ಮಾರಿ ವಾಪಸಾಗುವ ಫಿಯೋಫಾನನ ದೋಣಿ ಕಾಲುವೆಯ ತಿರುವಿಗೆ ಬರುವಷ್ಟರಲ್ಲಿ ಬುರಾನ್ ದಡದ ಮೇಲೆ ಹಾಜರಿರುತ್ತಿತ್ತು. ಊರಲ್ಲಿ ಅಂಥದೇ ಮೋಟಾರಿನ ದೋಣಿ ನಲವತ್ತಾದರೂ ಇದ್ದವು. ಅವನದರ ಸದ್ದು ಗುರುತಿಸುವುದರಲ್ಲಿ ನಾಯಿ ಒಮ್ಮೆಯೂ ತಪ್ಪಿದ್ದಿಲ್ಲ. ಅಲ್ಲಿಂದ ಮನೆಯ ಮೆಟ್ಟಿಲವರೆಗೆ, ಜೊಂಡು ಹಾರಿ, ನೆರೆಯವರ ಬೇಲಿ ನುಗ್ಗಿ, ಬಾತುಕೋಳಿಗಳನ್ನು ಚದುರಿಸಿ, ದೋಣಿಯ ಸಮಕ್ಕೆ ಓಡುತ್ತ ಬರುವುದು ಅದರ ದಿನದ ಕೆಲಸ. ದೋಣಿಯಲ್ಲಿ ಕುಳಿತ ಫಿಯೋಫಾನ್ ಅದರೊಡನೆ ಮಾತಾಡುತ್ತಲೇ ಬರುತ್ತಿದ್ದ. ಹೆಜ್ಜಾರ್ಲೆ ಹಕ್ಕಿಗಳು ಯಾವ ಬಲೆ ಹರಿದವು, ಮೀನುಕಟ್ಟೆಯಲ್ಲಿ ಯಾರು ಯಾರನ್ನು ಬೈದರು, ಎಲ್ಲವೂ ಅದಕ್ಕೆ ವರದಿಯಾಗಬೇಕು.

ಅವನಿಗೆ ಐವತ್ತಾರು. ಮದುವೆಯಾಗಲಿಲ್ಲ, ಯಾಕೆಂದು ಊರು ಕೇಳುವುದನ್ನೂ ಬಿಟ್ಟು ಇಪ್ಪತ್ತು ವರ್ಷವಾಗಿತ್ತು. ಭಾನುವಾರ ಪ್ರಾರ್ಥನೆಗೆ ಹೋದಾಗ ಸೊಂಟಪಟ್ಟಿ ಬಿಗಿದು, ಗಡ್ಡ ಬಾಚಿ, ಗಂಡಸರ ಸಾಲಿನ ಕೊನೆಯಲ್ಲಿ ನಿಲ್ಲುವನು. ಯಾರಾದರೂ ಏನಾದರೂ ಕೇಳಿದರೆ ಹೂಂ, ಉಹೂಂ. ಮನುಷ್ಯರ ಎದುರು ಅಷ್ಟೇ ಅವನ ಮಾತು. ಉಳಿದದ್ದೆಲ್ಲ ನಾಯಿಯ ಪಾಲು.

ಆ ಜೂನ್‌ನಲ್ಲಿ ಒಂದು ದಿನ ಬುರಾನ್ ಅರ್ಧ ದಾರಿ ಓಡಿ ನಿಂತು ಕೆಮ್ಮಿತು. ಫಿಯೋಫಾನ್ ನಕ್ಕ. “ಏನೋ, ಕದ್ದು ತಿಂದ ಮೀನಿನ ಮುಳ್ಳು ಸಿಕ್ಕೊಂಡ್ತಾ?” ಎಂದ. ಮರುದಿನವೂ ಹಾಗೇ. ವಾರ ಕಳೆಯುವಷ್ಟರಲ್ಲಿ ತಿರುವಿನಲ್ಲಿ ನಾಯಿ ಕಾಣಲಿಲ್ಲ. ಮನೆಯ ಮೆಟ್ಟಿಲ ಬಳಿ ಕುಳಿತು ಬಾಲವಾಡಿಸುತ್ತಿತ್ತು. ಏಳಲು ನೋಡಿ, ಪಕ್ಕೆ ಎಳೆದುಕೊಂಡು, ಮತ್ತೆ ಕುಳಿತಿತು. ಅವತ್ತು ಅವನು ನಗಲಿಲ್ಲ.

ತುಲ್ಚಿಯಾ ಪಟ್ಟಣದಿಂದ ತಿಂಗಳಿಗೊಮ್ಮೆ ದನದ ಡಾಕ್ಟರು ಇಲಿಂಕಾ ದೋಣಿಯಲ್ಲಿ ಬರುತ್ತಿದ್ದಳು. ಚಿಕ್ಕ ವಯಸ್ಸಿನ ಹುಡುಗಿ. ಅವಳು ಬುರಾನ್‌ನ ಮುಂಗಾಲಿನಿಂದ ರಕ್ತ ತೆಗೆದು ಒಂದು ಹನಿಯನ್ನು ಗಾಜಿನ ಮೇಲೆ ಇಟ್ಟಳು. ಸೂಕ್ಷ್ಮದರ್ಶಕದಲ್ಲಿ ತಾನು ನೋಡಿ, ಅವನಿಗೂ ನೋಡಲು ಹೇಳಿದಳು. ಮಸುಕಾದ ಬೆಳಕಿನಲ್ಲಿ ಕೂದಲಿಗಿಂತ ಸಣ್ಣ ಎಳೆಗಳು ಹೊರಳಾಡುತ್ತಿದ್ದವು.

“ಇವು ಮರಿಗಳು ಮಾಮ. ಇವುಗಳ ಅಪ್ಪ ಅಮ್ಮ ಎದೆಗೂಡಲ್ಲಿದಾರೆ. ಹೃದಯದಿಂದ ಶ್ವಾಸಕೋಶಕ್ಕೆ ಹೋಗೋ ರಕ್ತನಾಳದಲ್ಲಿ. ಗೇಣುದ್ದ ಹುಳ, ದಾರದ ಥರ.”

“ಕೆಟ್ಟ ನೀರು ಕುಡಿದ್ರೆ ಬರತ್ತಾ?”

“ನೀರಲ್ಲ. ಸೊಳ್ಳೆ. ರೋಗ ಇರೋ ನಾಯಿ ರಕ್ತ ಹೀರಿದಾಗ ಈ ಮರಿಗಳು ಸೊಳ್ಳೆ ಹೊಟ್ಟೆಗೆ ಹೋಗ್ತವೆ. ಎರಡು ವಾರ ಅಲ್ಲೇ ಬೆಳೆದು, ಸೊಂಡಿಲ ತುದಿಗೆ ಬಂದು ಕೂತ್ಕೊಳ್ತವೆ. ಸೊಳ್ಳೆ ಇನ್ನೊಂದು ನಾಯೀನ ಕಚ್ಚಿದಾಗ ಆ ತೂತಲ್ಲೇ ಒಳಗೆ. ಆಮೇಲೆ ಚರ್ಮದ ಕೆಳಗೆ, ಮಾಂಸದೊಳಗೆ ನಿಧಾನಕ್ಕೆ ದಾರಿ ಮಾಡ್ಕೊಂಡು, ಎದೆ ಸೇರಿ ಆರು ತಿಂಗಳಿಗೆ ದೊಡ್ಡವಾಗ್ತವೆ. ಅಲ್ಲಿವರೆಗೂ ನಾಯಿ ಚೆನ್ನಾಗೇ ಓಡಾಡ್ಕೊಂಡಿರತ್ತೆ. ಎಲ್ಲಿ ಮಲಗತ್ತೆ ಇದು?”

ನಾಯಿ ಬಂದ ಆರು ವರ್ಷವೂ ಬೇಸಿಗೆಯಲ್ಲಿ ಇಬ್ಬರೂ ಕೆಲವು ವಾರ ಹೋಗಿರುತ್ತಿದ್ದ, ದೂರದ ಸರೋವರದ ದಂಡೆಯ ಬಲೆಗುಡಿಸಲಲ್ಲಿ ಫಿಯೋಫಾನ್ ನಾರುಬಟ್ಟೆಯ ಸೊಳ್ಳೆಪರದೆ ಇಳಿಬಿಟ್ಟು, ಅಂಚುಗಳನ್ನು ಹಾಸಿಗೆಯ ಅಡಿಗೆ ಸಿಕ್ಕಿಸಿಕೊಂಡು ಮಲಗುತ್ತಿದ್ದ. ನಾಯಿ ಹೊರಗೆ ಪರದೆಗೆ ಬೆನ್ನು ಒತ್ತಿಕೊಂಡು ಮಲಗುತ್ತಿತ್ತು.

“ಹೊರಗೆ,” ಎಂದ.

ಇಲಿಂಕಾ ಚಿಕಿತ್ಸೆ ಬರೆದುಕೊಟ್ಟಳು. ಒಂದು ತಿಂಗಳು ಮಾತ್ರೆ. ಆಮೇಲೆ ಬೆನ್ನಿನ ಮಾಂಸಕ್ಕೆ ಒಂದು ಸೂಜಿ. ಮತ್ತೆ ತಿಂಗಳು ಬಿಟ್ಟು, ಸಾಲಾಗಿ ಎರಡು ದಿನ ಎರಡು ಸೂಜಿ. ಕತ್ತಿನ ಹಿಂದೆ ಸುರಿಯಲು ಸೊಳ್ಳೆ ಹತ್ತಿರ ಬಾರದ ಹನಿಮದ್ದು. ಕೊನೆಗೆ ಅವಳು ಪೆನ್ನು ಮುಚ್ಚಿ, ಅವನ ಮುಖ ನೋಡಿ ಹೇಳಿದಳು:

“ಔಷಧಿ ಹುಳಾನ ಕೊಲ್ಲತ್ತೆ ಮಾಮ. ಸತ್ತ ಹುಳ ಎಲ್ಲಿಗೆ ಹೋಗಬೇಕು? ಚೂರುಚೂರಾಗಿ ರಕ್ತದ ಜೊತೆ ಶ್ವಾಸಕೋಶಕ್ಕೆ ಹೋಗಿ ಕೂರ್ತವೆ. ಮೈ ಅದನ್ನ ಕರಗಿಸ್ಕೊಳ್ಳೋಕೆ ಟೈಮ್ ಬೇಕು. ಅಷ್ಟರೊಳಗೆ ನಾಯಿ ಓಡಿದ್ರೆ, ಕುಣಿದ್ರೆ, ಎದೆ ಜೋರಾಗಿ ಹೊಡ್ಕೊಂಡ್ರೆ, ಚೂರು ಹೋಗಿ ಅಡ್ಡ ನಿಲ್ಲತ್ತೆ. ಅಲ್ಲಿಗೆ ಮುಗೀತು. ಸೂಜಿ ಶುರುವಾದಾಗಿಂದ ಅಕ್ಟೋಬರ್‌ವರೆಗೆ ಅದು ಓಡಬಾರದು. ಮನೆಯೊಳಗೆ ಒಂದು ಕೋಣೇಲಿ ಇಟ್ಕೊಳ್ಳಿ.”

“ಮನೆಯೊಳಗೆ ಆಗಲ್ಲ ಡಾಕ್ಟ್ರಮ್ಮ. ಮೂಲೇಲಿ ಸಂತರ ಪಟಗಳಿವೆ.”

ಆ ಹುಡುಗಿ ಇಂಥ ಹಳ್ಳಿಗಳಲ್ಲಿ ಕೆಲಸ ಮಾಡಿದವಳು, ವಾದಿಸಲಿಲ್ಲ. ಪಟಗಳಿರುವ ಮನೆಗೆ ಬೆಕ್ಕು ಬರಬಹುದು, ನಾಯಿ ಬಾರದು. ಅವನ ಅಜ್ಜನ ಕಾಲದಲ್ಲೂ ಹಾಗೇ, ಈಗಲೂ ಹಾಗೇ.

ಪಟಗಳಿಲ್ಲದ ಒಂದೇ ಜಾಗವೆಂದರೆ ಹಿತ್ತಲಿನ ಬಾನ್ಯಾ, ಶನಿವಾರ ಹಬೆಸ್ನಾನ ಮಾಡುವ ಮಣ್ಣಿನ ಗುಡಿಸಲು. ಒಂದೇ ಒಂದು ಕಿಟಕಿ, ಅಂಗೈ ಅಗಲದ್ದು. ಫಿಯೋಫಾನ್ ಕಲ್ಲುಒಲೆಯ ಬೂದಿ ತೆಗೆದು, ನೆಲಕ್ಕೆ ಒಣ ಜೊಂಡು ಹಾಸಿ, ಜುಲೈ ನಡುವೆ ಮೊದಲ ಸೂಜಿಯಾದ ದಿನ ಬುರಾನ್‌ನನ್ನು ಎತ್ತಿಕೊಂಡು ಹೋಗಿ ಅಲ್ಲಿ ಮಲಗಿಸಿದ. ಶನಿವಾರದ ಸ್ನಾನಕ್ಕೆ ಪಕ್ಕದ ಮನೆಯ ಅಗಾಫ್ಯಾಳ ಬಾನ್ಯಾಕ್ಕೆ ಹೋದ. ಅವಳ ಮಗನ ನಾಮಕರಣದಲ್ಲಿ ಧರ್ಮತಂದೆಯಾಗಿ ಮಗುವನ್ನು ಹಿಡಿದಿದ್ದವನು ಅವನು. ಅಂದಿನಿಂದ ಅವಳಿಗೆ ಅವನು ಕೂಮ್, ಅವನಿಗೆ ಅವಳು ಕೂಮಾ. ಅವಳ ಗಂಡ ತೀರಿಕೊಂಡು ಎಂಟು ವರ್ಷ. ಮಗ ಹಡಗಿನಲ್ಲಿ ಅಡುಗೆಯವನು.

“ನಾಯಿ ಬಾನ್ಯಾದಲ್ಲಿ, ನೀನು ನನ್ನ ಬೇಲಿಯೊಳಗೆ,” ಎಂದಳು ಅಗಾಫ್ಯಾ, ಬಿಸಿನೀರಿನ ಬಕೆಟ್ಟು ಕೊಡುತ್ತ. “ಇನ್ನು ಸ್ವಲ್ಪ ದಿನಕ್ಕೆ ನಾಯಿ ಗಡ್ಡ ಬಿಟ್ಟು ಪ್ರಾರ್ಥನೆಗೆ ಹೋಗತ್ತೆ, ನೀನು ಬೊಗಳ್ಕೊಂಡಿರು.”

ಸೂಜಿಯಾದ ಮೂರನೆಯ ದಿನ ತೊಂದರೆ ಗೊತ್ತಾಯಿತು. ಮೋಟಾರಿನ ಸದ್ದು ಕಿವಿಗೆ ಬಿದ್ದೊಡನೆ ಬುರಾನ್ ಬಾಗಿಲಿಗೆ ಹಾರಿತ್ತು. ಅವನು ಒಳಗೆ ಬಂದಾಗ ಎರಡು ಕಾಲ ಮೇಲೆ ನಿಂತು, ಮುಖ ನೆಕ್ಕಿ, ಕೆಮ್ಮಿ, ಕುಸಿದು ಕುಳಿತಿತು. ಅದರ ಪಕ್ಕೆಗೆ ಕೈಯಿಟ್ಟರೆ ಒಳಗೆ ಹೊಸದಾಗಿ ಹಿಡಿದ ಮೀನು ಬಡಿದುಕೊಂಡ ಹಾಗೆ. ಮರುದಿನ ತಿರುವಿನಾಚೆಯೇ ಮೋಟಾರು ನಿಲ್ಲಿಸಿ ಹುಟ್ಟು ಹಾಕಿಕೊಂಡು ಬಂದ. ನಾಯಿ ಹುಟ್ಟಿನ ಸದ್ದನ್ನೂ ಗುರುತಿಸಿತು. ಬರಿಗಾಲಲ್ಲಿ ಹಿತ್ತಲಿನಿಂದ ಬಂದ. ನಾಯಿ ವಾಸನೆ ಹಿಡಿಯಿತು. ಮಾತು ನಿಲ್ಲಿಸಿದ. ಅವನು ಸುಮ್ಮನಿದ್ದಷ್ಟೂ ಅದಕ್ಕೆ ಕಳವಳ ಹೆಚ್ಚಾಗಿ ಬಾಗಿಲು ಕೆರೆಯಿತು.

ಅಗಾಫ್ಯಾ ಬೇಲಿಯಿಂದಾಚೆ ಎಲ್ಲ ನೋಡುತ್ತಿದ್ದಳು.

“ಕೂಮ್, ನಾನು ಹೋಗಿ ಗಂಜಿ ಹಾಕಿದ್ರೆ ಅದು ಕಿವೀನೂ ಎತ್ತಲ್ಲ. ಅದನ್ನ ಕೊಲ್ತಿರೋದು ಹುಳ ಅಲ್ಲ, ನೀನು.”

ಅವನಿಗೆ ಸಿಟ್ಟು ಬಂತು. ಆದರೆ ಅವಳ ಮಾತು ಸುಳ್ಳಲ್ಲ.

ಎರಡು ದಿನ ಯೋಚಿಸಿ ಫಿಯೋಫಾನ್ ಬಲೆಗುಡಿಸಲಿಗೆ ಹೊರಟ. ಅಕ್ಟೋಬರ್‌ವರೆಗೆ ಅಲ್ಲೇ ಇರುವುದು, ನಾಯಿಯ ಊಟ ಅಗಾಫ್ಯಾ ನೋಡಿಕೊಳ್ಳುವುದು ಎಂದಾಯಿತು. ಹೊರಡುವಾಗ ಬಾನ್ಯಾದ ಕಡೆ ಹೋಗಲಿಲ್ಲ.

ಗುಡಿಸಲಲ್ಲಿ ಅವನು ಬಲೆ ಎತ್ತಿದ, ಬಲೆ ಹೆಣೆದ, ಮೀನು ಬೇಯಿಸಿಕೊಂಡ. ಮೀನು ಒಯ್ಯಲು ಬರುತ್ತಿದ್ದ ದೋಣಿಯವನೊಡನೆ ಹೂಂ, ಉಹೂಂ ಅಂದ. ಮೊದಲ ವಾರ ಅಭ್ಯಾಸಬಲದಿಂದ ಏನಾದರೂ ಹೇಳಲು ಬಾಯಿ ತೆರೆದು ಪಕ್ಕಕ್ಕೆ ತಿರುಗುತ್ತಿದ್ದ. ಎರಡನೆಯ ವಾರ ತಿರುಗುವುದು ನಿಂತಿತು. ಆಗಸ್ಟ್‌ನಲ್ಲಿ ಒಂದು ದಿನ ದೊಡ್ಡದೊಂದು ಕಾರ್ಪ್ ಮೀನು ಬಿದ್ದಾಗ ಅವನಿಗೆ ಸಂತೋಷವಾಯಿತೇ ಇಲ್ಲವೇ ಎಂದೇ ತಿಳಿಯಲಿಲ್ಲ. ಅದರ ಸುದ್ದಿ ಕೇಳುವವರಿಲ್ಲದಿದ್ದರೆ ಅದು ಮೀನು, ಅಷ್ಟೇ. ಸಂಜೆ ಸೊಳ್ಳೆಪರದೆಯೊಳಗೆ ಮಲಗಿ, ಬಟ್ಟೆಗೆ ಹೊರಗಿನಿಂದ ಮುತ್ತಿಕೊಂಡ ಸೊಳ್ಳೆಗಳ ಗುಂಯ್ಗುಟ್ಟುವಿಕೆ ಕೇಳುತ್ತಿದ್ದ. ಬೆನ್ನಿಗೆ ತಾಗುತ್ತಿದ್ದ ಭಾರ ಇಲ್ಲದೆ ಪರದೆಯ ಆ ಬದಿ ಗಾಳಿಗೆ ಅಲುಗುತ್ತಿತ್ತು.

ಎರಡನೆಯ ಸುತ್ತಿನ ಸೂಜಿಗಳನ್ನು ಅಗಾಫ್ಯಾಳೇ ನಾಯಿಯನ್ನು ಹಿಡಿದುಕೊಂಡು ಹಾಕಿಸಿದಳು. ಅದಾದ ಐದನೆಯ ದಿನ ಫೋನ್ ಬಂತು.

“ಕೂಮ್, ನಿನ್ನ ನಾಯಿ ಮೂರು ದಿನದಿಂದ ಏನೂ ಮುಟ್ಟಿಲ್ಲ. ಬಾಗಿಲಿಗೆ ಮುಖ ಮಾಡ್ಕೊಂಡು ಬಿದ್ದಿದೆ. ಮೀನಿನ ತಲೆ ಕೊಟ್ಟೆ, ಕುರಿ ಮೂಳೆ ಕೊಟ್ಟೆ, ಬೈದೂ ನೋಡಿದೆ.”

“ಡಾಕ್ಟ್ರಮ್ಮ ಏನಂದ್ರು?”

“ತಿನ್ನದಿದ್ರೆ ಉಳಿಯಲ್ಲ ಅಂದ್ರು. ನೀನು ಬಂದ್ರೆ ಕುಣಿಯತ್ತಲ್ಲ ಅಂದೆ. ಕುಣಿದ್ರೂ ಉಳಿಯಲ್ಲ ಅಂದ್ರು. ಓದಿದೋರ ಮಾತು. ನೀನೇ ನೋಡು.”

ಅವನು ಬಲೆಗಳನ್ನು ನೀರಲ್ಲೇ ಬಿಟ್ಟು ಹೊರಟ. ಮೂರು ತಾಸಿನ ದಾರಿ. ಹೋಗಿ ಬಾಗಿಲು ತೆರೆದರೆ ನಾಯಿ ಎದ್ದು ಎದೆಗೆ ಹಾರುತ್ತದೆ. ತೆರೆಯದಿದ್ದರೆ ಹಾಗೇ ಬಿದ್ದು ಸಾಯುತ್ತದೆ. ಜೊಂಡಿನ ನಡುವಿನ ಕಿರುಗಾಲುವೆಯಲ್ಲಿ ಒಂದು ಕಡೆ ಹೊಯ್ದಾಡಿದ ದೋಣಿಯನ್ನು ಕಾಲಿಂದ ಸಮಮಾಡುತ್ತಿದ್ದಾಗ ಅವನಿಗೆ ಹೊಳೆಯಿತು. ದೋಣಿಯಲ್ಲಿ ಬುರಾನ್ ಕುಣಿಯುವುದಿಲ್ಲ. ಮರಿಯಿದ್ದಾಗ ಒಮ್ಮೆ ಬಾತುಕೋಳಿಗೆ ಹಾರಿ ಇಬ್ಬರನ್ನೂ ಮಾರ್ಚ್ ತಿಂಗಳ ಹಿಮದಂಥ ನೀರಿಗೆ ಕೆಡವಿತ್ತು. ಆ ಮೇಲೆ ದೋಣಿಯೊಳಗೆ ಕಾಲಿಟ್ಟರೆ ಸಾಕು, ತಳದ ಹಲಗೆಗೆ ಗಲ್ಲ ಊರಿ ಕಲ್ಲಾಗಿಬಿಡುತ್ತಿತ್ತು. ಹೆಜ್ಜಾರ್ಲೆ ತಲೆಯ ಮೇಲೆ ಹಾರಿಹೋದರೂ ಕಣ್ಣು ಮಾತ್ರ ತಿರುಗಿಸುತ್ತಿತ್ತು.

ತಿರುವಿನಾಚೆ ಮೋಟಾರು ನಿಲ್ಲಿಸಿ ಅವನು ಅಗಾಫ್ಯಾಗೆ ಫೋನ್ ಮಾಡಿದ. “ಕೂಮಾ, ಅದನ್ನ ಕಂಬಳಿಯಲ್ಲಿ ಸುತ್ತಿ ತಿರುವಿನ ಹತ್ರ ಹೊತ್ಕೊಂಡು ಬಾ. ಕಣ್ಣೂ ಮುಚ್ಚು. ದೋಣಿಯೊಳಗೆ ಮಲಗಿಸಿದ ಮೇಲೆ ಕಂಬಳಿ ತೆಗಿ.”

“ಇಪ್ಪತ್ತೈದು ಕಿಲೋ ನಾಯೀನ ನಾನು ಹೊರಬೇಕಾ?”

“ಮೂರು ದಿನದಿಂದ ತಿಂದಿಲ್ಲ ಅಂದ್ಯಲ್ಲ. ಇಪ್ಪತ್ತೆರಡು ಇರಬಹುದು.”

ಅವಳು ಬೈಯುತ್ತಲೇ ಹೊತ್ತು ತಂದಳು. ಅವನು ದೋಣಿಯ ಹಿಂತುದಿಯಲ್ಲಿ ಬೆನ್ನು ಮಾಡಿ ಕುಳಿತಿದ್ದ. ದೋಣಿ ತೂಗಿತು, ಭಾರ ಇಳಿಯಿತು, ಕಂಬಳಿ ಸರಿದ ಸದ್ದು. ಹಿಂದೆ ಒಂದು ಸಣ್ಣ ಕುಂಯ್ ಎಂಬ ದನಿ. ಬಾಲ ಹಲಗೆಗೆ ಒಮ್ಮೆ ಬಡಿಯಿತು, ಇನ್ನೊಮ್ಮೆ ಬಡಿಯಿತು. ದೋಣಿ ಅಲುಗಿತು. ಬಾಲ ನಿಂತಿತು. ಬಹಳ ಹೊತ್ತು ಕಳೆದ ಮೇಲೆ ಅವನು ತಿರುಗಿ ನೋಡಿದ. ಬುರಾನ್ ಗಲ್ಲ ಊರಿ ಮಲಗಿತ್ತು. ಕಣ್ಣು ಅವನ ಮೇಲೆ. ಬೇಯಿಸಿದ ಮೀನಿನ ಒಂದು ತುಣುಕನ್ನು ಅವನು ಹಲಗೆಯ ಮೇಲೆ ಸರಿಸಿದ. ತಲೆಯೆತ್ತದೆ ನಾಲಿಗೆ ಚಾಚಿ ಅದು ಎಳೆದುಕೊಂಡಿತು.

ಅಂದಿನಿಂದ ಇಬ್ಬರೂ ದೋಣಿಯಲ್ಲೇ. ಮನೆಯ ಮುಂದಿನ ವಿಲೋ ಮರಗಳಿಗೆ ದೋಣಿಯ ಎರಡೂ ತುದಿ ಬಿಗಿದು ಕಟ್ಟಿ, ಮೇಲೆ ಸೊಳ್ಳೆಪರದೆ ಇಳಿಬಿಟ್ಟು, ಈ ಬಾರಿ ನಾಯಿಯನ್ನೂ ಒಳಗೆ ಸೇರಿಸಿ ಅಂಚು ಸಿಕ್ಕಿಸಿದ. ಬೆಳಗ್ಗೆ ಸಂಜೆ ಎತ್ತಿಕೊಂಡು ದಡಕ್ಕಿಳಿಸಿ, ಕುತ್ತಿಗೆಗೆ ಹಗ್ಗ ಹಾಕಿ ನಾಲ್ಕು ಹೆಜ್ಜೆ, ಮತ್ತೆ ದೋಣಿಗೆ. ಮೀನು ಹಿಡಿಯುವ ಕೆಲಸ ನಿಂತಿತು. ಒಡನಾಟ ಮರಳಿ ಬಂತೆಂದು ಅವನು ಮೊದಲ ದಿನ ಅಂದುಕೊಂಡಿದ್ದ. ಆದರೆ ಮಾತಾಡುವಂತಿರಲಿಲ್ಲ. ದನಿ ಕೇಳಿದರೆ ಅದರ ಪಕ್ಕೆ ಬಿರುಸಾಗುತ್ತಿತ್ತು. ಸವರುವಂತಿರಲಿಲ್ಲ. ಒಂದು ಮೊಳ ದೂರದಲ್ಲಿ ಮಲಗಿದ ನಾಯಿಯ ಜೊತೆ, ಗುಡಿಸಲಲ್ಲಿ ಒಬ್ಬನೇ ಇದ್ದಾಗಿನ ಹಾಗೆಯೇ ಬಾಯಿ ಕಟ್ಟಿಕೊಂಡು, ಅದು ಉಸಿರಾಡುವುದನ್ನು ಎಣಿಸುತ್ತ ಆರು ವಾರ ಕಳೆದ. ಒಂದೆರಡು ದಿನ ಅದು ಕೆಮ್ಮಿ ಬಾಯಿಂದ ಕೆಂಪು ಬಂತು. ಆಗ ಅವನು ಎರಡು ಬೆರಳು ಜೋಡಿಸಿ ಎದೆಯ ಮೇಲೆ ಶಿಲುಬೆ ಗೀರಿಕೊಂಡ. ನಾಯಿಗಾಗಿ ಹಾಗೆ ಮಾಡಬಹುದೋ ಬಾರದೋ ಪಾದ್ರಿಯನ್ನು ಕೇಳಲಿಲ್ಲ.

ಅಗಾಫ್ಯಾ ಸೂಪು ತಂದಿಟ್ಟು ಹೋಗುವಳು. “ಇಬ್ರೂ ಬದುಕಿದೀರಾ?” ಎಂದು ಕೇಳುವಳು. ಅವನು ಬಾಯಿಗೆ ಬೆರಳಿಡುವನು. ಅವಳು ಸ್ವಲ್ಪ ಹೊತ್ತು ನಿಂತು, ಏನೋ ಹೇಳಬೇಕೆಂದು ತುಟಿ ಅಲುಗಿಸಿ, ಖಾಲಿ ಪಾತ್ರೆ ಎತ್ತಿಕೊಂಡು ತಿರುಗುವಳು.

ಅಕ್ಟೋಬರ್‌ನ ಮೊದಲ ಮಂಗಳವಾರ ಇಲಿಂಕಾ ದೋಣಿಯೊಳಗೇ ಕುಳಿತು ನಾಯಿಯ ಎದೆಗೆ ಕೊಳವೆ ಒತ್ತಿ ತುಂಬಾ ಹೊತ್ತು ಕೇಳಿದಳು. ರಕ್ತದ ಹನಿಯಲ್ಲಿ ಏನೂ ಹೊರಳಲಿಲ್ಲ.

“ಒಂದೆರಡು ವಾರ ನಡಿಸಿ. ಆಮೇಲೆ ಓಡ್ಲಿ,” ಎಂದಳು. “ಬರೋ ವರ್ಷ ಹನಿಮದ್ದು ಮರೀಬೇಡಿ ಮಾಮ.”

ಅವಳು ಹೋದ ಮೇಲೆ ಫಿಯೋಫಾನ್ ಹಗ್ಗ ಬಿಚ್ಚಿದ. “ಇಳಿ,” ಎಂದ. ವಾರಗಟ್ಟಲೆ ಬಳಸದ ದನಿ ಯಾರದೋ ಎಂಬಂತೆ ಬಂತು. ಬುರಾನ್ ಅವನನ್ನು ನೋಡಿತು, ದಡ ನೋಡಿತು, ಮೆಲ್ಲಗೆ ಕಾಲಿಟ್ಟು ಇಳಿಯಿತು. ಅವನು ಮೊಣಕಾಲೂರಿ ಕೈ ಚಾಚಿದ. ನಾಯಿ ಕೈ ಮೂಸಿತು, ಒಮ್ಮೆ ನೆಕ್ಕಿತು, ಆಮೇಲೆ ಅವನನ್ನು ದಾಟಿ, ನಿಧಾನವಾಗಿ, ಬೇಲಿಯ ಸಂದಿಯಿಂದ ಅಗಾಫ್ಯಾಳ ಅಂಗಳಕ್ಕೆ ನಡೆಯಿತು.

ಕರೆಯಬೇಕೆಂದು ಅವನು ಬಾಯಿ ತೆರೆದ. ಬೇಲಿಯಾಚೆಯಿಂದ ಅವಳ ದನಿ ಕೇಳಿಸಿತು. ಬೇಲಿಯ ಮೇಲಿಂದ ಚುಚ್ಚುವ ದನಿಯಲ್ಲ ಅದು, ಕೆಳದನಿ, ಅವಸರವಿಲ್ಲದ್ದು.

“ಬಂದ್ಯಾ? ಬಾ, ಕೂತ್ಕೋ. ಅವತ್ತು ಬಾನ್ಯಾದಲ್ಲಿ ಅರ್ಧಕ್ಕೆ ನಿಲ್ಲಿಸಿದ್ನಲ್ಲ, ನನ್ನ ಮಗ ಫೋನ್‌ನಲ್ಲಿ ಏನಂದ ಅಂತ…”

ಅವಳು ಹೇಳುತ್ತಲೇ ಇದ್ದಳು. ಮಾತಿಗೆ ಮಾತು ಸೇರಿ ಉದ್ದವಾಯಿತು. ನಡುವೆ ಒಮ್ಮೆ ಮೂಗು ಎಳೆದುಕೊಂಡಳು. ಫಿಯೋಫಾನ್ ಎದ್ದವನು ಮತ್ತೆ ದೋಣಿಯ ಅಂಚಿನಲ್ಲಿ ಕುಳಿತ. ಅವನಿಗೂ ಎಷ್ಟೋ ಹೇಳುವುದಿತ್ತು. ದೊಡ್ಡ ಕಾರ್ಪಿನ ವಿಷಯವೇ ಬಾಕಿಯಿತ್ತು. ಅವಳದು ಮುಗಿಯಲಿ ಎಂದು ಕಾದ.